ಗಿಡವಾದ ಅಕ್ಕಂದಿರೊಡನೆ ಬಬಲೇಶ್ವರಕ್ಕೆ

ವಿಜಾಪುರದಿಂದ ಎಂಟಕ್ಕೆ ಹೊರಡಬೇಕಿದ್ದ ಬಸ್ಸು ಒಂಬತ್ತೂವರೆಗೆ ಹೊರಟಿತು. ಯುದ್ಧಕಾಲ; ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿ ಸುಟ್ಟ ಗ್ಯಾಸಿನಿಂದ ಓಡುತ್ತಿದ್ದವು. ಬೆಂಕಿ ಆರಿದರೇನು ಗತಿ, ಹೆಚ್ಚಾದರೇನು ಗತಿ ಎಂದು ನಾನು ಎರಡಕ್ಕೂ ಹೆದರಿದೆ.

ಬಬಲೇಶ್ವರದಲ್ಲಿ ನನ್ನ ಅಕ್ಕನ ಮನೆ. ನಮ್ಮ ತಮ್ಮ ಬಸು ಬಂಡಿ ಮಗುಚಿ ಸತ್ತು ತಿಂಗಳಾಗಿತ್ತು. ಅಂದಿನಿಂದ ಅಕ್ಕ ಅತ್ತಿರಲಿಲ್ಲ, ಮಾತಾಡಿರಲಿಲ್ಲ. ನಾನು ಡ್ರಾಯಿಂಗ್ ಮಾಸ್ತರ. ಸಮಾಧಾನ ಹೇಳಲು ಬಾರದು. ಅದಕ್ಕೇ ನಾಲ್ಕು ನೂರು ವರ್ಷ ಹಿಂದಿನ ಇಟಲಿಯ ಚಿತ್ರವೊಂದರ ಅಚ್ಚುಪ್ರತಿಯನ್ನು ಸುರುಳಿ ಸುತ್ತಿ ತಂದಿದ್ದೆ. ಅದರಲ್ಲಿ ಅವರ ಪುರಾಣದ ಸೂರ್ಯನ ಮಗ ರಥದಿಂದ ಬಿದ್ದು ಸತ್ತಿದ್ದಾನೆ. ಅವನ ಅಕ್ಕಂದಿರು ಅತ್ತೂ ಅತ್ತೂ ಗಿಡವಾಗುತ್ತಿದ್ದಾರೆ. ಮೈಮೇಲೆ ನೂಲೆಳೆಯಿಲ್ಲದ ಆ ಹೆಣ್ಣುಮಕ್ಕಳಿಗೆ ನಾನೇ ಕುಳಿತು ನೀರುಬಣ್ಣದಲ್ಲಿ ಇಳಕಲ್ ಸೀರೆ ಉಡಿಸಿದ್ದೆ. ಸೆರಗು ಚೆನ್ನಾಗಿ ಬಂದಿತ್ತು.

"ಬಗಲಾಗ ಏನ್ರಿ ಮಾಸ್ತರ?" ಎಂದು ಕಂಡಕ್ಟರ್ ಕೇಳಿದ್ದ.

"ಚಿತ್ರ. ದುಃಖದ್ದು."

"ದುಃಖಕ್ಕ ಲಗೇಜ್ ಚಾರ್ಜ್ ಇಲ್ರಿ, ಹತ್ರಿ."

ಹನ್ನೆರಡು ಮೈಲಿಯ ತಿಕೋಟಾ ಮುಟ್ಟಲು ಎರಡು ತಾಸು ಹಿಡಿಯಿತು. ಅಲ್ಲಿ ಬೆಂಕಿ ಆರಿತು. ಡ್ರೈವರ್ ಇದ್ದಲಿ ತುಂಬುವಷ್ಟರಲ್ಲಿ ಚಹಾ, ಚುರುಮುರಿ ಮುಗಿಸಿ ಬೇವಿನ ಬುಡಕ್ಕೆ ಒರಗಿದೆ. ಜೋಳದ ಹೊಲಗಳು ಗಾಳಿಗೆ ಏಳುತ್ತ ಬೀಳುತ್ತ ಹತ್ತಿರ ಬಂದವು. ಅರೆನಿದ್ದೆಯಲ್ಲಿ ನನ್ನ ಬೆರಳ ತುದಿಗಳು ಚಿಗುರಿದವು. ಪಾದಗಳು ಕರಿಮಣ್ಣಿಗೆ ಮೆಲ್ಲಗೆ ಇಳಿದವು. ಹಿತವಾಗಿತ್ತು. ಹೀಗಾದರೆ ಸಾಲೆಗೆ ರಜೆಚೀಟಿ ಬರೆಯುವವರು ಯಾರೆಂಬ ಚಿಂತೆ ಬಂದು ಎಚ್ಚರವಾಯಿತು.

ಬಬಲೇಶ್ವರದ ಮನೆಯ ಪಡಸಾಲೆಯಲ್ಲಿ ಅಕ್ಕ ಗೋಡೆಗೆ ಆತು ಕುಳಿತಿದ್ದಳು. ಅವಳ ಮುಂದೆ ಚಿತ್ರದ ಸುರುಳಿ ಬಿಚ್ಚಿ ಕತೆ ಹೇಳಿದೆ. ರಥದಿಂದ ಬಿದ್ದ ಎನ್ನುವುದನ್ನು ಬೇಗ ಬೇಗ ಹೇಳಿ ದಾಟಿಸಿದೆ. ಅವಳು ಚಿತ್ರದ ಮೇಲೆ ಬಾಗಿದಳು.

"ಎಲ್ಲೀಮಟ ಗಿಡ ಆಗ್ಯಾರೋ?"

ತಿಂಗಳ ಮೇಲಿನ ಮೊದಲ ಮಾತು. ನಾನು ತೊದಲಿದೆ. "ಸೀರಿ ಒಳಗ ಐತಿ ಯಕ್ಕಾ. ನಾನ ಬಣ್ಣ ಹಚ್ಚೀನಿ."

"ನಿನ್ನ ಮಾಸ್ತರಕಿಗಿ ಬೆಂಕಿ ಹಚ್ಚ!"

ತಂಬಿಗೆಯ ನೀರಿನಲ್ಲಿ ತನ್ನ ಸೆರಗಿನ ಚುಂಗು ಅದ್ದಿ ಚಿತ್ರದ ಸೀರೆಗಳನ್ನು ಒರೆಸಿದಳು. ಕೆಂಪು ಹರಿದುಹೋಯಿತು. ಆ ಹೆಣ್ಣುಮಕ್ಕಳ ಪಾದಗಳು ಗಿಡದ ಬೇರುಗಳಾಗಿದ್ದವು, ತೊಗಟೆ ಸೊಂಟ, ಎದೆ ದಾಟಿ ಕೊರಳಲ್ಲಿ ನಿಂತಿತ್ತು. ಅಕ್ಕ ಅಲ್ಲಿ ಬೆರಳಿಟ್ಟಳು.

"ಬಾಯಿ ಇನ್ನಾ ಹಂಗ ಐತಲ್ಲೋ."

ಮರುಗಳಿಗೆ, "ಬಸೂ! ನನ್ನಪ್ಪಾ!" ಎಂದು ಕೂಗಿದಳು. ಓಣಿಯ ಹೆಂಗಸರು ಓಡಿಬಂದು ಅವಳ ಕೊರಳಿಗೆ ಬಿದ್ದರು. ಅವನ ಗುಣಗಳನ್ನು ಹಾಡಿ ಹಾಡಿ ಅತ್ತರು. ನಾನು ಕಂಬ ಹಿಡಿದು ನಿಂತಿದ್ದೆ.

ಮರುದಿನ ಅಕ್ಕ ರೊಟ್ಟಿಯ ಬುತ್ತಿ ಹಿಡಿದು ಬಸ್ಸಿನತನಕ ಬಂದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ನೀ ಅಳಲಿಲ್ಲಲ್ಲೋ."

"ಮನಿಗಿ ಹೋಗಿ ಅಳ್ತೇನಿ," ಎಂದೆ.

ಬಸ್ಸು ಹೊರಟಿತು. ತಿರುಗಿ ನೋಡಿದೆ, ಹೊಗೆಯ ನಡುವೆ ಅಕ್ಕ ಕೈಯೆತ್ತಿ ನಿಂತಿದ್ದಳು. ಊರ ತಿರುವಿನತನಕವೂ ನನಗೆ ಅಳು ತಡೆಯಲಾಗಲಿಲ್ಲ.