ಅಕ್ಕ ಅತ್ತೆಗೆ ಕಲಿಸಿದ ಪಾಠ

ಸತ್ತವರು ಬಂದು ಮಾತಾಡಿದರು ಎನ್ನುವವರನ್ನು ಕಂಡರೆ ನನಗೆ ತಾತ್ಸಾರ. ಅದು ಈಗಲೂ ಪೂರ್ತಿ ಹೋಗಿಲ್ಲ. ಆದ್ದರಿಂದ ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಬಸ್ರೂರಿನ ನಮ್ಮ ಮನೆಯಿಂದ ನರ್ಸ್ ಆದವಳು ಅಕ್ಕ ಒಬ್ಬಳೇ. ಕೆಲವು ವರ್ಷ ದುಡಿದ ಮೇಲೆ, ನರ್ಸುಗಳಿಗೆ ಪಾಠ ಹೇಳುವವಳಾಗಬೇಕೆಂದು ಮದ್ರಾಸಿಗೆ ಓದಲು ಹೊರಟಳು. ನಮ್ಮ ಜೊತೆಗಿದ್ದ ವಿಧವೆ ಸೋದರತ್ತೆಗೆ ಇದೊಂದು ನಗೆಪಾಟಲು.

“ಕಂಡೋರ ಹೇಲ್ ಬಾಚುಕೆ ಕಲ್ತದ್ದ್ ಸಾಲ್ದಾ? ಅದನ್ನ ಇನ್ನೊಬ್ರಿಗೆ ಕಲ್ಸುಕೂ ಮದ್ರಾಸಿಗ್ ಹೋಯ್ಕಾ?”

“ಹೋಯ್ಕ್ ಅತ್ತೆ. ಬಾಚುಕೂ ಒಂದ್ ಕ್ರಮ ಇತ್ತ್,” ಎಂದಳು ಅಕ್ಕ.

ರಜೆಗೆ ಬಂದ ಅಕ್ಕ ಕೂತೆದ್ದ ಮಣೆಗೆ ಅತ್ತೆ ಸಗಣಿ ನೀರು ಚಿಮುಕಿಸುತ್ತಿದ್ದಳು. ಆ ಹೆಂಗಸಿನ ಮಡಿಯ ಮೇಲೆ ನನಗಿದ್ದಷ್ಟು ಹೇಸಿಗೆ ಯಾವ ಮಲದ ಮೇಲೂ ಇರಲಿಲ್ಲ.

ಓದು ಮುಗಿಯುವ ಮೊದಲೇ ಅಕ್ಕ ವಿಷಮಜ್ವರದಿಂದ ಅಲ್ಲೇ ತೀರಿಕೊಂಡಳು. ಕೊನೆಯ ಪತ್ರದಲ್ಲಿ ನನಗೆ ಬರೆದಿದ್ದಳು: ‘ನನ್ನ ಪಾಠದಲ್ಲಿ ಹೊಸದೊಂದು ಸೇರಿಸಿದ್ದೇನೆ. ಪ್ರಜ್ಞೆ ಇಲ್ಲದ ರೋಗಿಗೂ, ಮುಟ್ಟುವ ಮೊದಲು, ಏನು ಮಾಡುತ್ತೇವೆಂದು ಹೇಳಬೇಕು. ಹೇಳಿ ಸ್ವಲ್ಪ ಕಾಯಬೇಕು.’ ಆ ಪತ್ರವನ್ನು ನಾನು ಯಾರಿಗೂ ತೋರಿಸಿರಲಿಲ್ಲ.

ಮೂರು ತಿಂಗಳಲ್ಲಿ ಅಮ್ಮ ಪ್ರಜ್ಞೆ ತಪ್ಪಿ ಹಾಸಿಗೆ ಹಿಡಿದಳು. ಬೆನ್ನು ಹುಣ್ಣಾದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ನನಗೆ ಮಗ್ಗುಲು ಬದಲಿಸಲು ಬರುತ್ತಿರಲಿಲ್ಲ. ನಾನು ಎಳೆದಾಗಲೆಲ್ಲ ಅಮ್ಮ ನರಳುತ್ತಿದ್ದಳು. ಅತ್ತೆ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕುಂದಾಪುರದಿಂದ ಔಷಧಿ ತಂದವನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆ ಅಮ್ಮನ ಕಿವಿಯ ಹತ್ತಿರ ಬಗ್ಗಿದ್ದಳು.

“ಅತ್ತಿಗೆ, ಈಗ ನಿಮ್ಮನ್ನ ಎಡಕ್ಕೆ ಹೊರಳಸ್ತೆ. ಹೆದ್ರ್‌ಬೇಡಿ.”

ಹೇಳಿ, ಕಾದಳು. ಆಮೇಲೆ ಹೊರಳಿಸಿದಳು. ಕೊಳೆಯಾದ ಬಟ್ಟೆಯನ್ನು ಉದ್ದಕ್ಕೆ ಸುರುಳಿ ಸುತ್ತಿ ಬೆನ್ನಿಗೆ ಒತ್ತಿ, ಪಕ್ಕದಲ್ಲೇ ಒಗೆದದ್ದನ್ನು ಹಾಸಿದಳು. ಅಮ್ಮ ನರಳಲಿಲ್ಲ.

“ಯಾರ್ ಕಲ್ಸದ್ದ್ ಅತ್ತೆ ಇದನ್ನ?”

“ಯಾರ್ ಅಂದ್ರೆ? ಅವ್ಳೇ, ನಿನ್ನಕ್ಕ. ಇವತ್ತ್ ಮೂರ್ ಸಲ ತಪ್ಪ್ ಮಾಡ್ದೆ, ಮೂರ್ ಸಲವೂ ಬೈದ್ಲ್. ನೀ ಬೆಳಕಿಗ್ ಅಡ್ಡ ನಿಲ್ಬೇಡ ಮಾಣಿ.”

ಮುದುಕಿಯ ನಾಟಕ ಎಂದುಕೊಂಡೆ. ಆದರೆ ಆಕೆಗೆ ಓದು ಬರುತ್ತಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲನ್ನೂ ತುಳಿದವಳಲ್ಲ. ಅಮ್ಮನ ಬೆನ್ನು ಹುಣ್ಣಾಗಲಿಲ್ಲ, ಅಮ್ಮ ಉಳಿದಳು.

ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ. ನಾನು ಅತ್ತೆಯನ್ನು ಕ್ಷಮಿಸಿಲ್ಲ, ಅವಳ ಮಾತನ್ನು ನಂಬಿಯೂ ಇಲ್ಲ. ಆದರೆ ಅಷ್ಟೂ ದಿನ ಅದೇ ಕೋಣೆಯಲ್ಲಿ, ಅಮ್ಮನ ತಲೆಯ ಹತ್ತಿರ, ಏನೂ ತಿಳಿಯದೆ ಕೂತಿದ್ದವನು ನಾನು. ಅಕ್ಕ ನನ್ನನ್ನೊಮ್ಮೆ ಬೈಯಬಹುದಿತ್ತು.