ಹಿತ್ತಲ ನಲ್ಲಿಯ ನೀರು

ಸಾವಿನ ಮನೆಗೆ ಹೋಗಲು ಯಾರೂ ಕರೆಯಬೇಕಾಗಿಲ್ಲ, ಹೊರಡುವಾಗ ಯಾರಿಗೂ ಹೇಳಬೇಕಾಗಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ‘ಹೋಗಿ ಬರ್ತೀನಿ’ ಎನ್ನುವ ಮಾತು ಆ ಹೊಸ್ತಿಲಲ್ಲಿ ಬಾಯಿಗೆ ಬರಬಾರದು. ಸುಮ್ಮನೆ ಎದ್ದು ಬಂದು, ನಮ್ಮ ಮನೆಯೊಳಗೆ ಕಾಲಿಡುವ ಮುಂಚೆ ತಲೆಗೆ ನೀರು ಹಾಕಿಕೊಳ್ಳಬೇಕು. ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮಾತು ಕಲಿತ ಹಾಗೆ ಇದೂ ಬಂತು.

ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನಲ್ಲಿ, ಹಿಲ್‌ಸೈಡ್ ಅವೆನ್ಯೂಗೆ ಎರಡು ಬೀದಿ ಆಚೆ, ನಾವೊಂದು ಎರಡು ಸಂಸಾರದ ಮನೆಯಲ್ಲಿದ್ದೆವು. ಮೇಲೆ ನಾವು. ಕೆಳಗೆ ಲೈಬೀರಿಯಾದಿಂದ ಬಂದ ಒಬ್ಬ ಹೆಂಗಸು, ಐವತ್ತೈದರ ಆಸುಪಾಸು. ಬೆಳಿಗ್ಗೆ ಹೊತ್ತು ಹಾಸಿಗೆ ಹಿಡಿದ ಮುದುಕರ ಆರೈಕೆಗೆ ಹೋಗುತ್ತಿದ್ದರು. ಮಧ್ಯಾಹ್ನ ಮೂರರ ಮೇಲೆ ಬೀದಿಯ ನಾಲ್ಕು ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದರು. ಐಟಿ ಕೆಲಸಗಳು ಜೋರಾಗಿ ನಡೆಯುತ್ತಿದ್ದ ಕಾಲ. ನಾನೂ ನನ್ನ ಗಂಡನೂ ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡಿ, ಏಳಕ್ಕೆ ಮನೆ ಸೇರಿದರೆ ಬೇಗ ಬಂದೆವು ಎನ್ನುವವರು. ನಮ್ಮ ಆರು ವರ್ಷದ ಮಗಳು ಅವರನ್ನು ಆಂಟಿ ಎನ್ನುತ್ತಿದ್ದಳು. ಅವರ ನಾಡಿನಲ್ಲೂ ಹಿರಿಯರನ್ನು ಹಾಗೇ ಕರೆಯುತ್ತಾರಂತೆ. ಮಗಳ ಕೂದಲನ್ನು ಹದಿನಾಲ್ಕು ಸಣ್ಣ ಜಡೆ ಹೆಣೆದು, ಒಂದೊಂದರ ತುದಿಗೂ ಒಂದೊಂದು ಬಣ್ಣದ ಮಣಿ ಕಟ್ಟಿ ಕಳಿಸುತ್ತಿದ್ದರು. ಅಮೆರಿಕದಲ್ಲಿ ಪಕ್ಕದ ಮನೆಯವರ ಕೈ ಇಷ್ಟು ಹೊತ್ತು ಮಗುವಿನ ತಲೆಯ ಮೇಲಿರುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಆ ವರ್ಷ, 2014ರಲ್ಲಿ, ಲೈಬೀರಿಯಾದಲ್ಲಿ ಎಬೋಲಾ ಹಬ್ಬಿತು. ಟಿವಿ ಹಾಕಿದರೆ ಅದೇ ಸುದ್ದಿ. ರೈಲಿನಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದವರು ಎದ್ದು ಹೋಗಿ ಬೇರೆ ಕಡೆ ನಿಲ್ಲುತ್ತಿದ್ದರು. ಒಂದು ವಾರದೊಳಗೆ ಉಳಿದ ಮೂರು ಮನೆಯವರು ತಮ್ಮ ಮಕ್ಕಳನ್ನು ಆಂಟಿಯ ಬಳಿ ಕಳಿಸುವುದನ್ನು ನಿಲ್ಲಿಸಿದರು. ನಾನು ಅವರಿಗೆಲ್ಲ ಉದ್ದುದ್ದ ಇಮೇಲ್ ಬರೆದೆ: ಆಕೆ ಊರಿಗೆ ಹೋಗಿ ಆರು ವರ್ಷವಾಗಿದೆ, ಇದು ಗಾಳಿಯಲ್ಲಿ ಹರಡುವ ರೋಗವಲ್ಲ, ಬುದ್ಧಿವಂತರಾದ ನೀವೇ ಹೀಗೆ ಮಾಡಿದರೆ ಹೇಗೆ. ಯಾರೂ ಉತ್ತರಿಸಲಿಲ್ಲ. ನನಗೆ ಒಳಗೊಳಗೇ ಸ್ವಲ್ಪ ಜಂಬ.

ಆಗ ಮೈಸೂರಿನಿಂದ ನಮ್ಮಮ್ಮ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಹುರುಳಿಕಾಯಿ ನಾರು ತೆಗೆಯುತ್ತ ಕೇಳಿದಳು, “ಅದೇನೇ ಅದು, ಎಬೋಲಾ ಎಬೋಲಾ ಅಂತಾರಲ್ಲ?”

“ಅದೊಂದು ನದಿ ಹೆಸರಮ್ಮ. ಕಾಂಗೋದಲ್ಲಿದೆ. ಮೊದಲು ಕಾಯಿಲೆ ಬಿದ್ದ ಊರಿನ ಹೆಸರಿಟ್ರೆ ಆ ಊರಿನವರಿಗೆ ಕೆಟ್ಟ ಹೆಸರು ಬರುತ್ತೆ ಅಂತ ಡಾಕ್ಟರುಗಳು ದೂರದ ನದಿ ಹೆಸರಿಟ್ರು.”

“ಪಾಪ, ನದಿ ಏನ್ ಮಾಡಿತ್ತು?”

ಓದಿಕೊಂಡಿದ್ದನ್ನೆಲ್ಲ ಹೇಳಿದೆ. 1976ರಲ್ಲಿ ಕಾಂಗೋದಲ್ಲಿ ಮೊದಲು ಕಂಡ ಹೊತ್ತಿಗೇ ಸೂಡಾನಿನಲ್ಲಿ ಇದರದೇ ಇನ್ನೊಂದು ಬಗೆ ಕಾಣಿಸಿಕೊಂಡಿದ್ದು. ಆಮೇಲೆ ಮತ್ತೂ ಕೆಲವು ಬಗೆ ಸಿಕ್ಕಿದ್ದು. ಒಂದು ಬಗೆ ಮಂಗಗಳ ಜೊತೆ ಈ ಅಮೆರಿಕಕ್ಕೇ ಬಂದಿದ್ದರೂ ಮನುಷ್ಯರಿಗೆ ಕಾಯಿಲೆ ತರದೆ ಹೋದದ್ದು. ಈಗ ಲೈಬೀರಿಯಾದಲ್ಲಿರುವುದು ಎಲ್ಲಕ್ಕಿಂತ ಘೋರವಾದ ಮೊದಲನೆಯ ಬಗೆ. ಮೂಲ ಬಾವಲಿ ಇರಬಹುದೆಂದು ಅನುಮಾನ.

“ಬಾವಲಿನಾ? ನಮ್ಮ ಮೈಸೂರಲ್ಲೂ ಮರದ ತುಂಬ ನೇತಾಡ್ತವೆ ಕಣೇ. ನಮಗೇನೂ ಆಗಿಲ್ವಲ್ಲ.” ಆಮೇಲೆ ಕೇಳಿದಳು, “ಮನುಷ್ಯರಿಂದ ಮನುಷ್ಯರಿಗೆ ಹೇಗೆ ಬರುತ್ತೆ?”

“ಕಾಯಿಲೆ ಬಿದ್ದವರ ರಕ್ತ, ವಾಂತಿ, ಬೆವರು ಮುಟ್ಟಿದ್ರೆ. ಸತ್ತ ಮೇಲೆ ಇನ್ನೂ ಜಾಸ್ತಿ. ಅಲ್ಲೂ ಹೆಣಕ್ಕೆ ಮನೆಯವರೇ ಸ್ನಾನ ಮಾಡಿಸ್ತಾರೆ. ಹಾಗೆ ಮಾಡಿಸಿದವರಿಗೇ ಬರ್ತಿದೆ.”

ಅಮ್ಮನ ಕೈ ನಿಂತಿತು. “ಅಯ್ಯೋ, ಕೊನೇ ನೀರು ಹಾಕಿದ ಮಕ್ಕಳಿಗೇನಾ?” ಎಂದಳು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಕೆಳಗಿನಿಂದ ಅಳು ಕೇಳಿಸಿತು. ನಾನು, ಅಮ್ಮ, ಮಗಳು ಮೂವರೂ ಇಳಿದು ಹೋದೆವು. ಆಂಟಿಯ ತಾಯಿ ಮೂರು ವಾರದ ಹಿಂದೆ ಊರಲ್ಲಿ ತೀರಿಕೊಂಡಿದ್ದರು. ಜ್ವರ ಎಂದಷ್ಟೇ ಆಂಟಿಗೆ ತಿಳಿದಿತ್ತು. ತಾಯಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಬಟ್ಟೆ ಉಡಿಸಿದ್ದು ಆಂಟಿಯ ತಂಗಿ. ಈಗ ಆ ತಂಗಿಯೂ ಹೋಗಿದ್ದಳು.

“ಬಿಳಿ ಪ್ಲಾಸ್ಟಿಕ್ಕಿನ ಬಟ್ಟೆ ಹಾಕಿಕೊಂಡವರು ಬಂದು ಚೀಲದಲ್ಲಿ ತಗೊಂಡು ಹೋದರಂತೆ,” ಎಂದರು ಆಂಟಿ. “ಎಲ್ಲಿಟ್ಟರೋ ಗೊತ್ತಿಲ್ಲ. ಅಮ್ಮನಿಗೆ ನೀರು ಹಾಕೋಕೆ ಅವಳಾದರೂ ಇದ್ದಳು. ಅವಳಿಗೆ ಯಾರೂ ಒಂದು ಚೊಂಬು ನೀರು ಹಾಕಲಿಲ್ಲ.”

ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಚೊಂಬು ಎಂದು ನಾನು ಅಮ್ಮನಿಗೆ ಹೇಳುವಾಗ ಸೇರಿಸಿದ್ದು. ಮಗಳು ಆಂಟಿಯ ತೊಡೆಯೇರಿ ಕೂತಳು. ಆಂಟಿ ಅವಳ ಎರಡೂ ಕೈಗಳನ್ನು ತಮ್ಮ ಒದ್ದೆ ಕೆನ್ನೆಗೆ ಒತ್ತಿಕೊಂಡರು. ಅರ್ಧ ಗಂಟೆ ಕೂತಿದ್ದು, ನಮ್ಮ ಪದ್ಧತಿಯಂತೆ ಏನೂ ಹೇಳದೆ ಎದ್ದು ಬಂದೆವು.

ಮೆಟ್ಟಿಲ ಬುಡದಲ್ಲಿ ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. “ಹಾಗೇ ಮೇಲೆ ಹೋಗ್ತೀಯಾ? ಬಚ್ಚಲಿಗೆ ಹೋಗಬೇಕಾದ್ರೆ ಕಾರ್ಪೆಟ್ಟೆಲ್ಲ ತುಳೀಬೇಕು. ಇಲ್ಲೇ ಹಿತ್ತಲಲ್ಲಿ ತಲೆ ಮೇಲೆ ನೀರು ಹಾಕ್ಕೊಂಡು ಹೋಗೋಣ.”

“ಈ ಚಳೀಲಾ? ಅಮ್ಮ, ಇದು ಅಮೆರಿಕ.”

“ಸಾವು ಸಾವೇ ಕಣೇ. ಅಲ್ಲೊಂದು ಇಲ್ಲೊಂದು ಅಂತ ಇರುತ್ತಾ?”

ಗಿಡಕ್ಕೆ ನೀರು ಬಿಡುವ ನಲ್ಲಿ ತಿರುಗಿಸಿದೆವು. ಮಗಳು “ಇಟ್ಸ್ ಫ್ರೀಜಿಂಗ್!” ಎಂದು ಕಿರುಚುತ್ತ ಕುಣಿದಳು. ಅಮ್ಮ ಹಲ್ಲು ಕಟಕಟಿಸುತ್ತಲೇ ನಕ್ಕಳು. ನನಗೂ ನಗು ಬಂತು. ಅಷ್ಟರಲ್ಲಿ ನಾನೊಂದು ಕೆಲಸ ಮಾಡಿದೆ. ಹಿಂಬಾಗಿಲ ಬಳಿ ಇಟ್ಟಿದ್ದ ಸೋಪಿನ ಬಾಟಲಿ ತಂದು, ಮಗಳ ಕೈ ಉಜ್ಜಿದೆ. ಬೆರಳ ಸಂದಿ, ಉಗುರು, ಮಣಿಕಟ್ಟು. ತೊಳೆದು ಇನ್ನೊಮ್ಮೆ ಉಜ್ಜಿದೆ.

“ಸೂತಕದ ಸ್ನಾನಕ್ಕೆ ಸೋಪ್ ಯಾಕೇ?” ಎಂದಳು ಅಮ್ಮ. ಈಗ ಅವಳು ನಗುತ್ತಿರಲಿಲ್ಲ.

ನಾನು ತಲೆಯೆತ್ತಿದೆ. ಕೆಳಮನೆಯ ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು. ಆಂಟಿ ನಿಂತಿದ್ದರು, ಕೈಯಲ್ಲಿ ಮಗಳು ಮರೆತು ಬಂದಿದ್ದ ಸ್ವೆಟರ್ ಹಿಡಿದು. ಎಷ್ಟು ಹೊತ್ತಿನಿಂದಲೋ.

ಮಾರನೆಯ ದಿನ ನಮ್ಮ ಬಾಗಿಲ ಹೊರಗೆ ಒಂದು ಚೀಲವಿತ್ತು. ಮಗಳ ಬಣ್ಣದ ಪೆನ್ಸಿಲ್, ಚಪ್ಪಲಿ, ಸ್ವೆಟರ್, ಉಳಿದ ಮಣಿಗಳ ಡಬ್ಬಿ. ಎಲ್ಲದಕ್ಕೂ ಬ್ಲೀಚಿನ ವಾಸನೆ. ಪೆನ್ಸಿಲ್ಲುಗಳನ್ನೂ ಒಂದೊಂದಾಗಿ ಒರೆಸಿದ್ದರು.

ಓಡಿಹೋಗಿ ಬಾಗಿಲು ಬಡಿದೆ. ಸರಪಳಿ ತೆಗೆಯದೆ, ನಾಲ್ಕು ಬೆರಳಷ್ಟು ತೆರೆದರು. ಅದು ನಮ್ಮ ಪದ್ಧತಿ, ಯಾರ ಮನೆಯ ಸಾವಾದರೂ ಹಾಗೇ ಮಾಡುತ್ತೇವೆ, ನಮ್ಮಜ್ಜಿ ಸತ್ತಾಗಲೂ ಮಾಡಿದ್ದೆವು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

“ಪದ್ಧತಿ ನನಗೆ ಅರ್ಥವಾಗುತ್ತೆ ಮಗಳೇ,” ಎಂದರು. “ನಮಗೂ ಇವೆ. ನಿನ್ನ ಅಮ್ಮ ತಲೆಗೆ ನೀರು ಹಾಕಿಕೊಂಡರು, ಅದನ್ನು ನೋಡಿದೆ. ನೀನು ಮಗುವಿನ ಕೈ ತೊಳೆದದ್ದನ್ನೂ ನೋಡಿದೆ.”

ಮೂರು ಮನೆಯವರಿಗೆ ಇಮೇಲ್ ಬರೆದವಳು ನಾನೇ. ಗಾಳಿಯಲ್ಲಿ ಬರುವುದಿಲ್ಲ, ಸಮುದ್ರದಾಚೆಯ ಸುದ್ದಿಯಿಂದ ಬರುವುದಿಲ್ಲ ಎಂದು ಎಲ್ಲ ಬಲ್ಲವಳೂ ನಾನೇ. ಏನೂ ಓದದ ಅಮ್ಮ ಬರೀ ನೀರು ಹಾಕಿಕೊಂಡಿದ್ದಳು.

ಎರಡು ದಿನ ಕಳೆದು ಅಮ್ಮ ಒಂದು ಬಟ್ಟಲಲ್ಲಿ ಬಿಸಿಬಿಸಿ ಅನ್ನ, ಸಾರು ಕಲಸಿಕೊಂಡು ಒಬ್ಬಳೇ ಇಳಿದು ಹೋದಳು. ಒಂದು ಅಕ್ಷರ ಇಂಗ್ಲಿಷ್ ಬಾರದವಳು ಒಂದು ಗಂಟೆ ಕೂತು ಬಂದಳು. ಬಂದವಳು ನೀರಿನ ಕಡೆ ಹೋಗದೆ ಸೀದಾ ಸೋಫಾದ ಮೇಲೆ ಕೂತಳು. ಮಡಿ ಮೈಲಿಗೆ ಎಂದು ನನ್ನ ಬಾಲ್ಯವನ್ನೆಲ್ಲ ತೊಳೆದವಳು.

“ಸ್ನಾನ?” ಎಂದೆ.

“ಅಲ್ಲಿ ಕೂತು ನಾವಿಬ್ರೂ ಅತ್ತಿದ್ದೇ ಆಯ್ತು. ಇನ್ನೇನ್ ಸ್ನಾನ,” ಎಂದಳು. “ನೀನೂ ಹೋಗಿ ಬಾ.”

ನಾಳೆ ಹೋಗುತ್ತೇನೆ ಎಂದೆ. ಹೋಗಲಿಲ್ಲ. ಮಗಳನ್ನು, ಶಾಲೆ ಬಿಟ್ಟ ಮೇಲೆ ಅಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್‌ಕೇರಿಗೆ ಸೇರಿಸಿದೆ. ಅವಳ ಜಡೆಗಳು ಒಂದೊಂದಾಗಿ ಬಿಚ್ಚಿಹೋದವು. ಮತ್ತೆ ಹೆಣೆಯಲು ನನಗೆ ಬರಲಿಲ್ಲ.

ಚಳಿ ಬಲಿತ ಮೇಲೆ ಆಂಟಿ ಮನೆ ಖಾಲಿ ಮಾಡಿದರು, ನ್ಯೂಜೆರ್ಸಿಯಲ್ಲಿರುವ ಸೋದರತ್ತೆಯ ಮಗಳ ಬಳಿಗೆ. ಸಾಮಾನಿನ ವ್ಯಾನು ಬಂದಾಗ ನಾವು ಇಳಿದು ನಿಂತೆವು. ಅವರು ಅಮ್ಮನನ್ನು ಅಪ್ಪಿಕೊಂಡರು, ಬಹಳ ಹೊತ್ತು. ಮಗಳು ಓಡಿ ಹೋಗಿ ಕಾಲು ತಬ್ಬಿದಳು. ಅವರ ಕೈ ಮಗಳ ತಲೆಯವರೆಗೆ ಬಂತು. ನನ್ನ ಮುಖ ನೋಡಿದರು. ಕೈ ಮುಟ್ಟದೆ ಹಿಂದಕ್ಕೆ ಹೋಯಿತು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಕೊಂಡರು. ಮುಖದಲ್ಲಿ ಕೋಪವಿರಲಿಲ್ಲ. ಮಕ್ಕಳಿಗೆ ಭಯವಾಗಬಾರದೆಂದು ದೊಡ್ಡವರು ಇಟ್ಟುಕೊಳ್ಳುವಂಥ ನಗುವಿತ್ತು.

ವ್ಯಾನು ಹೊರಟಿತು. ‘ಹೋಗಿ ಬನ್ನಿ’ ಎನ್ನಬೇಕಿತ್ತು. ಆ ಮಾತು ನನ್ನ ಬಾಯಿಗೆ ಬರಲಿಲ್ಲ.