ಅಡ್ವಾನ್ಸ್ ದುಡ್ಡಿನ ಕಂಪ್ಯೂಟರ್

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಒಲೆ ಹಚ್ಚುವಾಗ ಈಗಲೂ ಮುಖ ಆಚೆ ತಿರುಗಿಸುತ್ತೇನೆ. ಅಂಥವಳು ಬಿಡಿಭಾಗಗಳನ್ನು ತಂದು ಕಂಪ್ಯೂಟರ್ ಜೋಡಿಸಲು ಹೊರಟದ್ದು ಶೋಕಿಗಲ್ಲ, ಬೇರೆ ಗತಿಯಿಲ್ಲದೆ.

ಇಂದಿರಾನಗರದ ಒಂದು ಸಣ್ಣ ಕಚೇರಿಯಲ್ಲಿ ನನಗೆ ಕೆಲಸ. ಬೇರೆಯವರ ಅಡುಗೆಮನೆ ಹೇಗಿರಬೇಕು, ಕಪಾಟು ಎಲ್ಲಿ ಬರಬೇಕು ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು. ಬಾಡಿಗೆ ಉಳಿಸಲು ಯಜಮಾನರು ಕಚೇರಿಯನ್ನೇ ಖಾಲಿ ಮಾಡಿದರು. "ಸ್ವಂತ ಸಿಸ್ಟಮ್ ಇದ್ರೆ ಮುಂದಿನ ತಿಂಗ್ಳಿಂದ ಮನೇಲೇ ಮಾಡಿ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀವಿ, ಬೇಜಾರ್ ಮಾಡ್ಕೋಬೇಡಿ" ಅಂದರು. ಬೇಜಾರಿಗೆ ಜಾಗವೆಲ್ಲಿತ್ತು, ಮನಸ್ಸಿನಲ್ಲೆಲ್ಲ ಹೆದರಿಕೆಯೇ ತುಂಬಿಕೊಂಡಿತ್ತು.

ಮನೆಯಲ್ಲಿ ನಾನು, ಅವ್ವ ಇಬ್ಬರೇ. ಯಾದಗಿರಿ ಕಡೆಯಿಂದ ಬಂದು ಕಗ್ಗದಾಸಪುರದಲ್ಲಿ ಬಾಡಿಗೆಗಿದ್ದೆವು. ಅವ್ವನಿಗೆ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ನೆಲ ಒರೆಸುವುದು, ಟೇಬಲ್ಲು ಒರೆಸುವುದು. ನಮ್ಮ ಉಳಿತಾಯವೆಂದರೆ ಮನೆ ಮಾಲೀಕರ ಹತ್ತಿರ ಕೂತಿದ್ದ ಅಡ್ವಾನ್ಸ್ ದುಡ್ಡೇ. ಅವ್ವನೇ ದಾರಿ ಹೇಳಿದಳು.

"ಮ್ಯಾಲಿನ ಶೀಟಿನ ಖೋಲಿ ಖಾಲಿ ಅದ. ಅದಕ್ಕ ಅಡ್ವಾನ್ಸ್ ಕಡಿಮಿ. ಅಲ್ಲಿಗಿ ಹೋದ್ರ ಉಳಿದ ರೊಕ್ಕ ಮಾಲೀಕರು ಕೈಯಾಗ ಕೊಡ್ತಾರ. ಅದ್ರಾಗ ತಗೋ."

ಎರಡು ಕೋಣೆಯ ಮನೆ ಬಿಟ್ಟು ತಾರಸಿಯ ಮೇಲೆ ಶೀಟು ಹೊದಿಸಿದ ಒಂದೇ ಕೋಣೆಗೆ ಹತ್ತಿದೆವು. ಕಂಪ್ಯೂಟರ್ ಓಡದಿದ್ದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಮತ್ತೊಮ್ಮೆ ಬಿಟ್ಟುಕೊಡಲು ನಮ್ಮ ಹತ್ತಿರ ಇನ್ನೊಂದು ಕೋಣೆ ಇರಲಿಲ್ಲ.

ಅಷ್ಟು ದುಡ್ಡಿನಲ್ಲಿ ಏನು ಕೊಳ್ಳುವುದು, ಏನು ಬಿಡುವುದು? ವಿಡಿಯೋಗಳನ್ನು ನೋಡಿ ನೋಡಿ ತಲೆ ಕೆಟ್ಟು ಹೋಯಿತು. ಅಗ್ಗದ ಪವರ್ ಸಪ್ಲೈ ಹೊಗೆ ಕಾರುವುದನ್ನು ಒಬ್ಬ ತೋರಿಸಿದ್ದ. ಹಾಗಾಗಿ ಅದೊಂದನ್ನು ಒಳ್ಳೆಯದೇ ತೆಗೆದುಕೊಂಡೆ. ಕ್ಯಾಬಿನೆಟ್, ಮಾನಿಟರ್ ಹಳೆಯವು ಸಾಕು ಅಂದುಕೊಂಡೆ. ಪ್ರೊಸೆಸರಿನಲ್ಲಿ ಎರಡು ಬಗೆ ಇತ್ತು. ಪರದೆಗೆ ಚಿತ್ರ ಕಳಿಸುವ ಶಕ್ತಿ ತನ್ನೊಳಗೇ ಇರುವುದು ದುಬಾರಿ, ಇಲ್ಲದ್ದು ಅಗ್ಗ. ನನ್ನ ಕೆಲಸಕ್ಕೆ ಹೇಗೂ ಬೇರೆಯಾಗಿ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಿತ್ತು. ಅಗ್ಗದ್ದಕ್ಕೇ ಕೈ ಹಾಕಿದೆ. ಆದರೆ ಹೊಸ ಕಾರ್ಡಿನ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಹಳೆಯದನ್ನೇ ಹುಡುಕಬೇಕಾಯಿತು. ಆ ಹಳೆಯ ಕಾರ್ಡ್ ಕೈಕೊಟ್ಟರೆ ಉಳಿದದ್ದೆಲ್ಲ ಸರಿಯಿದ್ದೂ ಪರದೆ ಕಪ್ಪು.

ಕಾರ್ಡ್ ಸಿಕ್ಕಿದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಒಂದು ಅಂಗಡಿಯಲ್ಲಿ. ಅಂಗಡಿಯವರು ಬಿಳಿ ಗಡ್ಡದ ಹಿರಿಯರು. ಫೋನಿನಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ಕಾರ್ಡನ್ನು ತಮ್ಮ ಮಷೀನಿಗೆ ಹಾಕಿ ಓಡಿಸಿ ತೋರಿಸಿದರು.

"ನೋಡಮ್ಮಾ, ಚೆಕಿಂಗ್ ವಾರಂಟಿ ಅಷ್ಟೇ. ಇಲ್ಲಿ ಓಡ್ತಾ ಇದೆ, ಕಣ್ಣಾರೆ ನೋಡ್ಕೊಳ್ಳಿ. ಮೆಟ್ಲು ಇಳಿದ್ಮೇಲೆ ನನ್ನನ್ನ ಕೇಳಂಗಿಲ್ಲ."

"ಇನ್ನೊಂದ್ಸಲ ಓಡ್ಸಿ."

ಓಡಿಸಿದರು. ಇನ್ನೊಂದು ಸಲ ಎಂದೆ. ಅದಕ್ಕೂ ಬೇಸರಿಸಲಿಲ್ಲ. ದುಡ್ಡು ಕೊಟ್ಟು ಮೆಟ್ಟಿಲ ಅಂಚಿಗೆ ಬಂದೆನಷ್ಟೇ, ಕಾಲು ಕೆಳಗಿಡಲು ಆಗಲೇ ಇಲ್ಲ. ಇಳಿದೆನೋ, ಕಾರ್ಡ್ ನನ್ನದು, ಅದರ ಹಣೆಬರಹವೂ ನನ್ನದು.

"ಇಳೀರಮ್ಮಾ, ಗಿರಾಕಿ ಬರೋಕೆ ದಾರಿ ಬೇಕು" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಾ ಬಂದೆ. ಪಕ್ಕದಲ್ಲಿದ್ದ ಹೆಂಗಸು ಮೊಟ್ಟೆಯೇ ಎಂದು ಕೇಳಿದಳು. ಹೌದು ಅಂದುಬಿಟ್ಟೆ.

ಜೋಡಿಸಲು ಕೂತದ್ದು ಭಾನುವಾರ ಬೆಳಿಗ್ಗೆ. ಮೈಯಲ್ಲಿರುವ ಕರೆಂಟು ತಗುಲಿದರೂ ಭಾಗಗಳು ಸುಟ್ಟುಹೋಗುತ್ತವೆ ಎಂದು ಕೇಳಿದ್ದೆ. ಅದಕ್ಕೇ ಹತ್ತಿಯ ಬಟ್ಟೆ ಉಟ್ಟು, ಮಾತೆತ್ತಿದರೆ ಎದ್ದು ಹೋಗಿ ಆ ಕರೆಂಟು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಬರುತ್ತಿದ್ದೆ. ಎಲ್ಲವನ್ನೂ ಡಬ್ಬಿಯಿಂದ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟೆ. ಆಮೇಲೆ ನೋಡಿದರೆ ಸ್ಕ್ರೂ ಡ್ರೈವರೇ ಇಲ್ಲ! "ಯಾವುದೂ ಅಲುಗಾಡಬಾರದು, ನೋಡ್ಕೋ" ಎಂದು ಅವ್ವನಿಗೆ ಹೇಳಿ ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಓಡಿದೆ.

ನಮ್ಮ ಕಡೆ ಹೊಸದು ಏನು ತಂದರೂ ಹಾಗೇ ಬಳಸುವುದಿಲ್ಲ. ಮಿಕ್ಸಿಯಿರಲಿ, ಹೊಲಿಗೆ ಮಷೀನಿರಲಿ, ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಹೂವಿಟ್ಟ ಮೇಲೆಯೇ ಸ್ವಿಚ್ಚು. ತಿರುಗಿ ಬಂದು ಬಾಗಿಲಲ್ಲಿ ನಿಂತವಳಿಗೆ ಊದುಬತ್ತಿಯ ವಾಸನೆ ಬಡಿಯಿತು. ಪ್ರೊಸೆಸರಿನ ಫಳಫಳ ಹೊಳೆಯುವ ಬೆನ್ನಿನ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ. ಗ್ರಾಫಿಕ್ಸ್ ಕಾರ್ಡಿಗೂ ಮೂರು ಗೆರೆ. ಮದರ್‌ಬೋರ್ಡಿನ ನಟ್ಟ ನಡುವೆ ಸೇವಂತಿಗೆ, ಅದರ ಸುತ್ತ ನೀರಿನ ಹನಿಗಳು. ಅವ್ವ ಕೈಮುಗಿದು ಕಣ್ಣು ಮುಚ್ಚಿದ್ದಳು.

ನನ್ನ ಹೆದರಿಕೆ ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು.

"ಏನ್ ಮಾಡಿದಿ? ಯಾರು ಮುಟ್ಟಂದ್ರು ನಿನಗ? ಬುದ್ಧಿ ಅದ ಇಲ್ಲ? ಎಲ್ಲಾ ಹಾಳ್ ಮಾಡಿಟ್ಟಿ!"

ಅವ್ವ ಗಡಬಡಿಸಿ ಎದ್ದಳು. ಗೋಡೆಗೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿದಳು.

"ಸಾರಿ ಮೇಡಂ" ಅಂದಳು.

ಅಣಕಕ್ಕೆ ಅಂದದ್ದಲ್ಲ. ನನ್ನ ಅವ್ವನಿಗೆ ಅಣಕ ಬರುವುದಿಲ್ಲ. ಟೆಕ್ ಪಾರ್ಕಿನಲ್ಲಿ ಯಾರಾದರೂ ದನಿ ಏರಿಸಿದಾಗ ಹೇಗೆ ನಿಲ್ಲುತ್ತಾಳೋ ಹಾಗೇ ನಿಂತಿದ್ದಳು. ಮಾತು ಅಭ್ಯಾಸಬಲದಿಂದ ಬಂದಿತ್ತು. ಆಮೇಲೆ ನೀರಿನ ತಂಬಿಗೆ ಎತ್ತಿಕೊಂಡು ಹೊರಗೆ ತಾರಸಿಗೆ ಹೋದಳು. ನಾನು ಆಗಲೇ ಅವಳ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಕಣ್ಣೆಲ್ಲ ಆ ಹನಿಗಳ ಮೇಲೇ ಇತ್ತು.

ಹತ್ತಿ ಬಟ್ಟೆಯಿಂದ ವಿಭೂತಿ ಒರೆಸಿದೆ. ಬೋರ್ಡನ್ನು ಫ್ಯಾನಿನ ಕೆಳಗಿಟ್ಟು ಮಧ್ಯಾಹ್ನದವರೆಗೆ ಅದರ ಮುಂದೆಯೇ ಕೂತೆ. ಶೀಟಿನ ಸೆಕೆಗೆ ನಾನೇ ಒಣಗಿಹೋದೆ. ನಂತರ ಒಂದೊಂದಾಗಿ ಜೋಡಿಸಿದೆ. ಪ್ರೊಸೆಸರಿನ ಕೆಳಗೆ ಕೂದಲೆಳೆಯಂಥ ಕಾಲುಗಳು. ಒಂದು ಬಾಗಿದರೂ ಮುಗಿಯಿತು. ಅದನ್ನು ಕೂರಿಸುವಾಗ ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಕುರ್ಚಿ ಎಳೆದು ಕೂತು, ಮುಖ ಆಚೆ ತಿರುಗಿಸಿ ಸ್ವಿಚ್ಚು ಒತ್ತಿದೆ.

ಫ್ಯಾನುಗಳು ತಿರುಗಿದವು. ಪರದೆ ಕಪ್ಪು. ಆರಿಸಿ ಹಾಕಿದೆ, ಕಪ್ಪು. ನೀರು ಒಳಗಿಳಿದಿದೆ ಅಂದುಕೊಂಡೆ, ಕಾರ್ಡ್ ಸತ್ತಿದೆ ಅಂದುಕೊಂಡೆ, ಊರಿಗೆ ಹೋಗುವ ಬಸ್ಸನ್ನೂ ನೆನೆಸಿಕೊಂಡೆ. ನೆಲಕ್ಕೆ ಬಗ್ಗಿ ವೈರುಗಳನ್ನು ಒಂದೊಂದೇ ಮುಟ್ಟುತ್ತಾ ಹೋದಾಗ ಗೊತ್ತಾಯಿತು: ಮಾನಿಟರಿನ ವೈರನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದೆ. ನಾನು ಕೊಂಡ ಪ್ರೊಸೆಸರಿಗೆ ಆ ದಾರಿಯಲ್ಲಿ ಚಿತ್ರ ಕಳಿಸುವ ಶಕ್ತಿಯೇ ಇಲ್ಲ. ಕಿತ್ತು ಕಾರ್ಡಿಗೆ ಹಾಕಿದೆ. ಪರದೆ ಬೆಳಗಿತು.

"ಅವ್ವಾ, ಬಂತು! ಬಾ ನೋಡು!"

ಅವ್ವ ಬಂದಳು. ಆದರೆ ಹೊಸ್ತಿಲ ಆಚೆಯೇ ನಿಂತಳು. ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಒಳಗ ಬರ್ಲೇನು?" ಎಂದು ಕೇಳಿದಳು.

ನಮಗಿದ್ದದ್ದು ಅದೊಂದೇ ಕೋಣೆ. ಅವಳ ಹಾಸಿಗೆ, ಅವಳ ಒಲೆ, ಅವಳ ದೇವರು ಎಲ್ಲ ಅದರೊಳಗೇ ಇದ್ದವು. ಪರದೆ ಕಪ್ಪಗಿದ್ದಾಗಲೂ ಅಷ್ಟು ಭಯವಾಗಿರಲಿಲ್ಲ ನನಗೆ. ಎದ್ದು, ಕೂತಿದ್ದ ಕುರ್ಚಿಯನ್ನು ಅವಳ ಕಡೆ ಸರಿಸಿದೆ. ಅವಳು ಒಳಗೆ ಬಂದಳು, ಕೂರಲಿಲ್ಲ.